ಊರ ಜಮೀನಿಗೆ ತಜ್ಞರ ಸಲಹೆ: ಕೇಳುವುದನ್ನು ನಾವೂ ಕಲಿಯೋಣ

(ಸಂಘದ ರಜತ ಮಹೋತ್ಸವದ ಅಂಗವಾಗಿ ನಡೆದ ರೈತ ವಿಚಾರಗೋಷ್ಠಿಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣದ ಬರಹ ರೂಪ)



ಹಾಲಿನ ಸಂಘದ ಸಮಾರಂಭದಲ್ಲಿ ಹಾಲಿನ ಲೆಕ್ಕ ಬಿಟ್ಟು ಜಮೀನಿನ ಮಾತು ಯಾಕೆ ತೆಗೆದ ಅಂತ ತಾವು ಕೇಳಬಹುದು. ಕಾರಣ ಇದೆ. ಹಾಲು ಕ್ಯಾನಿನಲ್ಲಿ ಹುಟ್ಟೋದಿಲ್ಲ, ಮೇವಿನಲ್ಲಿ ಹುಟ್ಟುತ್ತೆ. ಒಂದು ಮಿಶ್ರತಳಿ ಕರೆಯುವ ಹಸುವಿಗೆ ದಿನಕ್ಕೆ 20ರಿಂದ 25 ಕೆ.ಜಿ. ಹಸಿ ಮೇವು, 5-6 ಕೆ.ಜಿ. ಒಣ ಮೇವು ಬೇಕು ಅಂತ ಪಶುವೈದ್ಯರು ಹೇಳುತ್ತಾರೆ. ನಾಲೆ ನೀರು ಇರುವವನು ಬದುವಿನ ಮೇಲೆ ಹುಲ್ಲು ಬೆಳೆದುಕೊಳ್ಳುತ್ತಾನೆ. ಎಕರೆ ಇಪ್ಪತ್ತು ಗುಂಟೆ ಮಳೆ ಜಮೀನು ಇರುವವನು, ಜಮೀನೇ ಇಲ್ಲದೆ ಎರಡು ಹಸು ಕಟ್ಟಿಕೊಂಡು ಮಗಳ ಕಾಲೇಜು ಫೀಸು ಕಟ್ಟುತ್ತಿರುವ ವಿಧವೆ ತಾಯಿ ಎಲ್ಲಿಗೆ ಹೋಗಬೇಕು? ಗೋಮಾಳಕ್ಕೆ. ಆ ಗೋಮಾಳದ ವಿಷಯವೇ ಈಗ ನಮ್ಮ ಊರಿನಲ್ಲಿ ಚರ್ಚೆಗೆ ಬಂದಿದೆ. ಉಳಿದಿರುವ ಜಾಗದಲ್ಲಿ ನೀಲಗಿರಿಯಂಥ ಗಿಡ ಹಾಕಲು ಗುತ್ತಿಗೆಗೆ ಕೊಡೋಣ ಅನ್ನುವವರು ಕೆಲವರು, ನಿವೇಶನ ಮಾಡೋಣ ಅನ್ನುವವರು ಕೆಲವರು, ಮೇವಿಗೆ ಉಳಿಸೋಣ ಅನ್ನುವವರು ಕೆಲವರು. ಮೂರು ಕಡೆಯವರೂ "ತಜ್ಞರು ಹೇಳಿದ್ದಾರೆ" ಅಂತಲೇ ಮಾತು ಶುರು ಮಾಡುತ್ತಾರೆ. ಆದ್ದರಿಂದ ತಜ್ಞರ ಸಲಹೆ ಅಂದರೇನು, ಅದನ್ನು ಕೇಳೋದು ಹೇಗೆ ಅಂತ ನನಗೆ ತಿಳಿದಷ್ಟು ಹೇಳುತ್ತೇನೆ. ನಾನು ಓದಿದ್ದು ಎಸ್.ಎಸ್.ಎಲ್.ಸಿ. ಮಾತ್ರ. ತಪ್ಪು ಒಪ್ಪು ತಾವು ತಿದ್ದಿಕೊಳ್ಳಬೇಕು.

ಮೊದಲನೆಯದಾಗಿ, ಇದು ಯಾರ ಜಮೀನು? ಹೋಟೆಲಿನ ಜಗುಲಿ ಮೇಲೆ ಕೇಳಿದರೆ "ಅದು ಸರ್ಕಾರದ್ದು ಕನಪ್ಪ, ನಮಗ್ಯಾಕೆ" ಅಂತಾರೆ. ಸರ್ಕಾರದ್ದು ನಿಜ. ಆದರೆ ನಮ್ಮ ರಾಸುಗಳಿಗೆ ಅಂತ ತೆಗೆದಿಟ್ಟದ್ದು. 1964ರ ಕರ್ನಾಟಕ ಭೂಕಂದಾಯ ಕಾಯಿದೆಯ 71ನೇ ಕಲಮಿನಲ್ಲಿ ಸರ್ಕಾರಿ ಜಮೀನನ್ನು ಗೋಮಾಳಕ್ಕೆ ಮತ್ತು ಇತರ ಸಾರ್ವಜನಿಕ ಕೆಲಸಗಳಿಗೆ ಕಾದಿರಿಸುವ ಅಧಿಕಾರ ಇದೆ. 1966ರ ನಿಯಮಗಳಲ್ಲಿ 97ನೇ ನಿಯಮ ಲೆಕ್ಕವನ್ನೇ ಕೊಡುತ್ತದೆ: ನೂರು ರಾಸಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ. ಒಂದು ಊರಲ್ಲಿ ನಾನೂರು ರಾಸು ಇದ್ದರೆ 120 ಎಕರೆ ಹತ್ತಿರ ಆಯಿತು. ಈ ಲೆಕ್ಕ ಹಾಕಿದರೆ ನಮ್ಮ ತಾಲ್ಲೂಕುಗಳಲ್ಲಿ ಎಷ್ಟು ಊರು ಪಾಸಾಗುತ್ತವೆ ಅಂತ ತಾವೇ ಊಹಿಸಿ.

ಗೋಮಾಳ ಒಂದೇ ಅಲ್ಲ. ಕೆರೆ ಅಂಗಳ, ಗೋಕಟ್ಟೆ, ಬಂಡಿದಾರಿ, ಹಳ್ಳ, ಸ್ಮಶಾನ ಇವೂ ಊರಿನವೇ. ಪಹಣಿಯಲ್ಲಿ 'ಬಿ ಖರಾಬು' ಅಂತ ಬರೆದಿರುತ್ತದಲ್ಲ, ಅದು ದಾರಿ, ಹಳ್ಳ, ಕೆರೆ ಮುಂತಾದ ಸಾರ್ವಜನಿಕ ಉಪಯೋಗದ ಜಾಗ. 'ಎ ಖರಾಬು' ಅಂದರೆ ಹಿಡುವಳಿಯೊಳಗಿನ ಸಾಗುವಳಿಗೆ ಬಾರದ ಕಲ್ಲುಬಂಡೆ ಜಾಗ. ಈ ಎರಡಕ್ಕೂ ವ್ಯತ್ಯಾಸ ಗೊತ್ತಿಲ್ಲದೆ ಎಷ್ಟೋ ಬಂಡಿದಾರಿ ಹೊಲದೊಳಗೆ ಸೇರಿಹೋಗಿವೆ. ಆದ್ದರಿಂದ ಅಭಿವೃದ್ಧಿಯ ಮಾತಿಗೆ ಮುಂಚೆ ಗ್ರಾಮನಕಾಶೆ, ಆಕಾರಬಂದು, ಪಹಣಿ ಮೂರನ್ನೂ ಒಟ್ಟಿಗೆ ಇಟ್ಟು ನೋಡಬೇಕು. ಭೂಮಾಪಕರನ್ನು ಕರೆಸಿ, ಊರವರ ಎದುರಿನಲ್ಲೇ ಅಳತೆ ಮಾಡಿಸಿ ಕಲ್ಲು ನೆಡಿಸಬೇಕು. ನನ್ನ ಪ್ರಕಾರ ನಮಗೆ ಬೇಕಾದ ಮೊದಲನೇ ತಜ್ಞ ಭೂಮಾಪಕ. ಗಡಿ ಗೊತ್ತಿಲ್ಲದ ಜಾಗಕ್ಕೆ ಯೋಜನೆ ಮಾಡುವುದು, ಹುಟ್ಟದ ಕರುವಿಗೆ ಹಗ್ಗ ಹೊಸೆದಂತೆ.

ಜಮೀನು ಕರಗಿದ್ದು ಹೇಗೆ? ಇಲ್ಲಿ ಯಾರನ್ನೂ ದೂರುವ ಉದ್ದೇಶ ನನಗಿಲ್ಲ. ಭೂಮಿ ಇಲ್ಲದವರು ಹೊಟ್ಟೆಪಾಡಿಗೆ ಬಗರ್ ಹುಕುಂ ಸಾಗುವಳಿ ಮಾಡಿದರು. ಸರ್ಕಾರವೂ 1991ರಲ್ಲಿ ನಮೂನೆ 50, ಆ ದಶಕದ ಕೊನೆಯಲ್ಲಿ ನಮೂನೆ 53, 2018ರಲ್ಲಿ ನಮೂನೆ 57 ಅಂತ ಅರ್ಜಿ ತೆಗೆದುಕೊಂಡು ಸಕ್ರಮದ ದಾರಿ ಮಾಡಿತು. ಬಡವನಿಗೆ ಎರಡು ಎಕರೆ ಸಿಕ್ಕಿದ್ದರೆ ನನಗೆ ಸಂತೋಷವೇ. ಆದರೆ ಬಡವನ ಹೆಸರಲ್ಲಿ ಬಲ್ಲವರೂ ಬೇಲಿ ಹಾಕಿದರು. ಸಾರ್ವಜನಿಕ ಜಮೀನು ರಕ್ಷಣೆಯ ಕಾರ್ಯಪಡೆಗೆ ಅಧ್ಯಕ್ಷರಾಗಿದ್ದ ನಿವೃತ್ತ ಐ.ಎ.ಎಸ್. ಅಧಿಕಾರಿ ವಿ. ಬಾಲಸುಬ್ರಮಣಿಯನ್ ಅವರು 2011ರಲ್ಲಿ ಕೊಟ್ಟ ವರದಿಯಲ್ಲಿ ರಾಜ್ಯದಲ್ಲಿ ಸುಮಾರು 11 ಲಕ್ಷ ಎಕರೆ ಸರ್ಕಾರಿ ಜಮೀನು ಒತ್ತುವರಿ ಆಗಿದೆ ಅಂತ ಬರೆದರು. ಅದೇ ವರ್ಷ ಜನವರಿ 28ರಂದು ಸುಪ್ರೀಂ ಕೋರ್ಟು ಪಂಜಾಬಿನ ಜಗಪಾಲ್ ಸಿಂಗ್ ಪ್ರಕರಣದಲ್ಲಿ, ಊರ ಸಾಮೂಹಿಕ ಜಮೀನಿನ ಒತ್ತುವರಿ ತೆರವು ಮಾಡಿ ಗ್ರಾಮಕ್ಕೆ ವಾಪಸು ಕೊಡಿಸಿ ಅಂತ ಎಲ್ಲಾ ರಾಜ್ಯಗಳಿಗೂ ಹೇಳಿತು. ಭೂಹೀನ ಕೂಲಿಕಾರರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಸರ್ಕಾರದ ಆದೇಶದಂತೆ ಕೊಟ್ಟಿದ್ದರೆ, ಅಥವಾ ಶಾಲೆ ಆಸ್ಪತ್ರೆ ಕಟ್ಟಿದ್ದರೆ ಮಾತ್ರ ವಿನಾಯಿತಿ ಎಂದಿತು. ಇದು ನ್ಯಾಯವಾದ ಗೆರೆ ಅಂತ ನನಗೆ ಅನ್ನಿಸುತ್ತದೆ.

ಇನ್ನು ತಜ್ಞರ ವಿಷಯ. ನಮ್ಮ ರಾಜ್ಯದಲ್ಲಿ ಆಗಿಹೋದ ಒಂದೆರಡು ಸಂಗತಿ ಹೇಳುತ್ತೇನೆ.

1984ರಲ್ಲಿ ಸರ್ಕಾರ ಮತ್ತು ಹರಿಹರ ಪಾಲಿಫೈಬರ್ಸ್ ಸೇರಿ ಕರ್ನಾಟಕ ಪಲ್ಪ್‌ವುಡ್ಸ್ ಎಂಬ ಕಂಪನಿ ಮಾಡಿದರು. ಧಾರವಾಡ, ಶಿವಮೊಗ್ಗ ಮುಂತಾದ ಜಿಲ್ಲೆಗಳ ಸುಮಾರು 30 ಸಾವಿರ ಹೆಕ್ಟೇರ್ ಸಾರ್ವಜನಿಕ ಜಮೀನಿನಲ್ಲಿ ನೀಲಗಿರಿ ಮುಂತಾದ ಗಿಡ ಬೆಳೆದು ಕಾರ್ಖಾನೆಗೆ ಸೌದೆ ಒದಗಿಸುವ ಯೋಜನೆ. ಕಾಗದದ ಮೇಲೆ ಎಲ್ಲಾ ಚೆನ್ನಾಗಿತ್ತು. ಪಾಳು ಜಮೀನು ಹಸಿರಾಗುತ್ತೆ, ಕೂಲಿ ಸಿಗುತ್ತೆ ಅಂದರು. ಆದರೆ ಅವರು ಪಾಳು ಅಂದ ಜಾಗದಲ್ಲಿ ಊರಿನ ದನ ಮೇಯುತ್ತಿತ್ತು, ಹೆಂಗಸರು ಸೌದೆ ಆಯುತ್ತಿದ್ದರು. ನೀಲಗಿರಿ ಎಲೆಯನ್ನು ಯಾವ ದನವೂ ಮೂಸುವುದಿಲ್ಲ. ಸಮಾಜ ಪರಿವರ್ತನ ಸಮುದಾಯದವರು, ಹಿರಿಯರಾದ ಶಿವರಾಮ ಕಾರಂತರು ಸುಪ್ರೀಂ ಕೋರ್ಟಿಗೆ ಹೋದರು. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ಜನ ಸತ್ಯಾಗ್ರಹ ಮಾಡಿ ನೀಲಗಿರಿ ಸಸಿ ಕಿತ್ತು, ತಮಗೆ ಬೇಕಾದ ಗಿಡ ಹಚ್ಚಿದರು. ಆ ಕಡೆ ನೆಡುವುದಕ್ಕೆ ಹಚ್ಚುವುದು ಅನ್ನುತ್ತಾರೆ. 1991ರಲ್ಲಿ ಆ ಕಂಪನಿ ಮುಚ್ಚಿತು. ಮುಂದೆ 2017ರಲ್ಲಿ ಸರ್ಕಾರವೇ ನೀಲಗಿರಿ ನೆಡಬಾರದೆಂದು ಆದೇಶ ಹೊರಡಿಸಿತು. ಒಂದು ಕಾಲದ ತಜ್ಞರು ಕೊಟ್ಟ ಗಿಡವನ್ನು ಇನ್ನೊಂದು ಕಾಲದ ತಜ್ಞರು ಬೇಡ ಅಂದರು. ಆ ಮೂವತ್ತು ವರ್ಷ ಮೇವು ಕಳೆದುಕೊಂಡವರಿಗೆ ಪರಿಹಾರ ಯಾರು ಕೊಡಬೇಕು?

ಇನ್ನೊಂದು ಚಳ್ಳಕೆರೆಯದು. ನಮ್ಮ ಮೈಸೂರು ಅರಸರ ಕಾಲದಿಂದ ಬಂದ ಅಮೃತ ಮಹಲ್ ಕಾವಲುಗಳು ಅಲ್ಲಿದ್ದವು. 2010ರ ಸುಮಾರಿಗೆ ಅದರಲ್ಲಿ ಹತ್ತು ಸಾವಿರ ಎಕರೆಯಷ್ಟು ರಕ್ಷಣಾ ಸಂಶೋಧನೆ, ಅಣು ವಿಜ್ಞಾನ, ಬಾಹ್ಯಾಕಾಶ ಸಂಸ್ಥೆಗಳಿಗೆ ಹೋಯಿತು. ಭಾರತೀಯ ವಿಜ್ಞಾನ ಸಂಸ್ಥೆಗೇ 1500 ಎಕರೆ. ದೇಶಕ್ಕೆ ಬೇಕಾದ ಸಂಸ್ಥೆಗಳೇ, ದೊಡ್ಡ ದೊಡ್ಡ ವಿಜ್ಞಾನಿಗಳೇ. ಆದರೂ ಗೋಡೆ ಎದ್ದ ಮೇಲೆ ನಮಗೆ ವಿಷಯ ತಿಳಿಯಿತು ಅಂತ ಅಲ್ಲಿಯ ಕುರಿಗಾಹಿಗಳು ದೂರಿದರು. ವಿಷಯ ಹಸಿರು ನ್ಯಾಯಮಂಡಳಿವರೆಗೂ ಹೋಯಿತು. ವಿಜ್ಞಾನ ಬಲ್ಲವರು ಊರಿನ ದಾರಿ ಬಲ್ಲವರನ್ನು ಒಂದು ಮಾತು ಮೊದಲೇ ಕೇಳಿದ್ದರೆ ಇಷ್ಟು ಆಗುತ್ತಿರಲಿಲ್ಲ.

ನಮ್ಮ ನಂಜನಗೂಡು ತಾಲ್ಲೂಕಿಗೇ ಬರೋಣ. ಹಿಮ್ಮಾವಿನಲ್ಲಿ ಚಿತ್ರನಗರಿ ಆಗುತ್ತೆ ಅಂದರು. 2018ರಲ್ಲಿ ರಾಮನಗರಕ್ಕೆ ಅಂದರು, ಆಮೇಲೆ ಬೆಂಗಳೂರಿಗೆ ಅಂದರು, 2023ರಲ್ಲಿ ಪುನಃ ಮೈಸೂರಿಗೆ ಅಂದರು. 2025ರ ಬಜೆಟ್ಟಿನಲ್ಲಿ 150 ಎಕರೆ, 500 ಕೋಟಿಯ ಮಾತು ಬಂತು. ಚಿತ್ರನಗರಿ ಬರಲಿ, ನಮ್ಮ ಮಕ್ಕಳಿಗೆ ಕೆಲಸ ಸಿಗಲಿ. ನಾನು ಹೇಳೋದು ಇಷ್ಟೇ: ಮೇಲಿನ ಯೋಜನೆ ಊರಿಂದೂರಿಗೆ ಹೋಗಬಹುದು, ನಮ್ಮ ಗೋಮಾಳ ಎದ್ದು ಇನ್ನೊಂದು ಊರಿಗೆ ಹೋಗೋದಿಲ್ಲ. ಹೋದರೆ ಹೋಯಿತು.

ಹಾಗಾದರೆ ತಜ್ಞರೇ ಬೇಡವಾ? ಖಂಡಿತ ಬೇಕು. ಗೋಮಾಳ ಹಾಗೇ ಬಿಟ್ಟರೆ ಏನಾಗುತ್ತೆ ಅಂತ ನಮ್ಮ ಕಣ್ಣ ಮುಂದೆಯೇ ಇದೆ. ಕಾಂಗ್ರೆಸ್ ಗಿಡ, ಲಂಟಾನ, ಬಳ್ಳಾರಿ ಜಾಲಿ ತುಂಬಿ ಹುಲ್ಲು ಸತ್ತಿದೆ. "ನಮ್ಮ ತಾತನ ಕಾಲದಿಂದ ಹೀಗೇ" ಅನ್ನೋದೂ ಉತ್ತರ ಅಲ್ಲ. ಸುತ್ತೂರಿನ ಕೃಷಿ ವಿಜ್ಞಾನ ಕೇಂದ್ರ ನಮಗೆ ಹತ್ತಿರದಲ್ಲೇ ಇದೆ. ಮಂಡ್ಯದ ವಿ.ಸಿ. ಫಾರಂನಲ್ಲಿ ಮೇವಿನ ಬೆಳೆಗಳ ಸಂಶೋಧನೆ ನಡೆಯುತ್ತದೆ. ಧಾರವಾಡದಲ್ಲಿ ಕೇಂದ್ರ ಸರ್ಕಾರದ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ಶಾಖೆ ಇದೆ. ಇವರೆಲ್ಲ ಸಾಮಾನ್ಯವಾಗಿ ಕೊಡುವ ಸಲಹೆಯಲ್ಲಿ ನಮಗೆ ಹೊಂದುವ ನಾಲ್ಕು ಮಾತು ಆರಿಸಿದ್ದೇನೆ.

ಒಂದು, ನೀರು. ಒಂದು ಎಕರೆ ಮೇಲೆ ಒಂದು ಸೆಂಟಿಮೀಟರ್ ಮಳೆ ಬಿದ್ದರೆ 40 ಸಾವಿರ ಲೀಟರ್ ನೀರು. ಎಂಟು ಹತ್ತು ಟ್ಯಾಂಕರ್ ಆಯಿತು. ನಮ್ಮಲ್ಲಿ ಮೇ ತಿಂಗಳ ಮಳೆ, ಸೆಪ್ಟೆಂಬರ್-ಅಕ್ಟೋಬರ್ ಮಳೆ ಜೋರು. ಇಳಿಜಾರಿಗೆ ಅಡ್ಡವಾಗಿ ಟ್ರೆಂಚು ಹೊಡೆದು, ತಗ್ಗಿನಲ್ಲಿ ಗೋಕಟ್ಟೆ ಹೂಳು ತೆಗೆಸಿದರೆ ಆ ನೀರು ನಿಲ್ಲುತ್ತದೆ. ಹೂಳು ನಮ್ಮ ಹೊಲಕ್ಕೇ ಗೊಬ್ಬರ.

ಎರಡು, ಹುಲ್ಲು. ಕೆಮ್ಮಣ್ಣಿನ ಜಾಗಕ್ಕೆ ಸ್ಟೈಲೋ ಎಂಬ ದ್ವಿದಳ ಮೇವು ಒಗ್ಗುತ್ತದೆ. ಅದರ ಬೀಜದ ಸಿಪ್ಪೆ ಗಟ್ಟಿ, ಬಿಸಿನೀರಿನಲ್ಲಿ ಕೆಲವು ನಿಮಿಷ ಅದ್ದಿ ಒಣಗಿಸಿ ಮಳೆಗೆ ಎರಚಬೇಕು. ನೇಪಿಯರ್ ಹುಲ್ಲಿಗೆ ನೀರಾವರಿ ಬೇಕು, ಗೋಮಾಳಕ್ಕೆ ಅದು ಆಗೋದಿಲ್ಲ.

ಮೂರು, ಮರ. ಹೊಂಗೆ, ಬೇವು, ಹುಣಸೆ, ಕರಿಜಾಲಿ ನಮ್ಮ ನೆಲದವು. ಅಂಚಿನಲ್ಲಿ ಗೊಬ್ಬರದ ಗಿಡ, ನೀರು ಇರುವ ಕಡೆ ಅಗಸೆ. ಮರ ದೂರ ದೂರ ಇದ್ದರೆ ಕೆಳಗೆ ಹುಲ್ಲೂ ಬರುತ್ತದೆ.

ನಾಲ್ಕು, ಸರದಿ. ಜಾಗವನ್ನು ನಾಲ್ಕು ಭಾಗ ಮಾಡಿ, ಒಂದನ್ನು ಪೂರ್ತಿ ಮುಚ್ಚಿ, ಹುಲ್ಲು ಬೀಜ ಕಟ್ಟಿ ಉದುರುವವರೆಗೆ ದನ ಬಿಡಬಾರದು. ಮುಂದಿನ ವರ್ಷ ಇನ್ನೊಂದು ಭಾಗ. ಮುಚ್ಚಿದ ಭಾಗದ ಹುಲ್ಲನ್ನು ಕೊಯ್ದು ತರಬಹುದು. ಇದಕ್ಕೆ ದುಡ್ಡಿಗಿಂತ ಒಗ್ಗಟ್ಟು ಬೇಕು. ಸಹಕಾರ ಸಂಘಕ್ಕೆ ಇದು ಹೇಳಿಮಾಡಿಸಿದ ಕೆಲಸ.

ಈಗ, ಯಾರೇ ತಜ್ಞರು ಯೋಜನೆ ಹಿಡಿದು ಬರಲಿ, ಎಷ್ಟೇ ದೊಡ್ಡ ಪದವಿಯವರಾಗಲಿ, ಕಾಫಿ ಕೊಟ್ಟು ಮರ್ಯಾದೆಯಿಂದ ಐದು ಪ್ರಶ್ನೆ ಕೇಳೋಣ. ಈ ಜಾಗ ಈಗ ಯಾರು ಉಪಯೋಗಿಸುತ್ತಿದ್ದಾರೆ, ಅವರನ್ನು ತಾವು ಕಂಡು ಮಾತಾಡಿದ್ದೀರಾ? ನೀರು ಎಲ್ಲಿಂದ? ಮೂರು ವರ್ಷ ಆದಮೇಲೆ, ಅನುದಾನ ಮುಗಿದಮೇಲೆ ನೋಡಿಕೊಳ್ಳುವವರು ಯಾರು? ಬರುವ ಆದಾಯ ಯಾರ ಖಾತೆಗೆ? ಇದು ಕೆಟ್ಟರೆ ಜಮೀನು ಮೊದಲಿನಂತೆ ನಮಗೆ ಸಿಗುತ್ತದಾ? ಕೊನೆಯ ಪ್ರಶ್ನೆ ಬಹಳ ಮುಖ್ಯ. ಟ್ರೆಂಚು ತಪ್ಪಾದರೆ ಮುಚ್ಚಬಹುದು, ಹುಲ್ಲು ಬಾರದಿದ್ದರೆ ಇನ್ನೊಂದು ಎರಚಬಹುದು. ಇಪ್ಪತ್ತು ಮೂವತ್ತು ವರ್ಷದ ಗುತ್ತಿಗೆ ಬರೆದುಕೊಟ್ಟರೆ ನಮ್ಮ ಮಕ್ಕಳು ತಿದ್ದಲಾರರು. ನಿಜವಾದ ತಜ್ಞರು ಈ ಪ್ರಶ್ನೆಗಳಿಗೆ ಬೇಜಾರು ಮಾಡಿಕೊಳ್ಳುವುದಿಲ್ಲ, ಖುಷಿ ಪಡುತ್ತಾರೆ. ಬೇಜಾರು ಮಾಡಿಕೊಂಡರೆ ಅವರು ತಂದಿರುವುದು ಸಲಹೆಯಲ್ಲ, ಸಹಿ ಹಾಕಿಸುವ ಕಾಗದ ಅಂತ ತಿಳಿಯಬೇಕು.

ನಿವೇಶನ ಕೇಳುತ್ತಿರುವವರ ಬಗ್ಗೆ ಒಂದು ಮಾತು ಹೇಳದಿದ್ದರೆ ಅನ್ಯಾಯವಾಗುತ್ತದೆ. ಒಂದೇ ಮನೆಯಲ್ಲಿ ಮೂರು ಸಂಸಾರ ಇರುವ ಕೇರಿ ನಮ್ಮೂರಲ್ಲೂ ಇದೆ. ಶವ ಹೂಳಲು ಜಾಗವಿಲ್ಲದೆ ಹಳ್ಳದ ದಂಡೆಗೆ ಹೋಗುವ ಪರಿಸ್ಥಿತಿಯೂ ಇದೆ. ದನಕ್ಕೆ ಜಾಗ ಬೇಕು, ಮನುಷ್ಯನಿಗೆ ಬೇಡ ಅನ್ನಲು ನನಗೆ ಬಾಯಿ ಬರುವುದಿಲ್ಲ. ಆದರೆ ಅದಕ್ಕೂ ಅಳತೆಯೇ ಮೊದಲು. ಒತ್ತುವರಿ ತೆರವಾದರೆ ಇಬ್ಬರಿಗೂ ಜಾಗ ಸಿಗಬಹುದು. ಬಲ್ಲವರ ಬೇಲಿ ಮುಟ್ಟದೆ, ಬಡವನ ಮನೆ ಮತ್ತು ಬಡವಳ ಹಸುವಿನ ನಡುವೆ ಜಗಳ ಹಚ್ಚುವುದು ಬೇಡ.

ಆದ್ದರಿಂದ ಈ ಶುಭ ಸಂದರ್ಭದಲ್ಲಿ ನನ್ನ ಸೂಚನೆ ಇಷ್ಟು. ಊರ ಗೋಮಾಳ, ಗೋಕಟ್ಟೆ, ದಾರಿಗಳನ್ನು ಅಳತೆ ಮಾಡಿಸಬೇಕೆಂದು ನಮ್ಮ ಸಂಘದ ವತಿಯಿಂದ ಪಂಚಾಯಿತಿಗೆ, ತಹಶೀಲ್ದಾರರಿಗೆ ಅರ್ಜಿ ಕೊಡೋಣ. ಅಳತೆ ಮುಗಿಯುವವರೆಗೆ ಯಾವ ಗುತ್ತಿಗೆಗೂ ಒಪ್ಪಿಗೆ ಬೇಡವೆಂದು ಗ್ರಾಮಸಭೆಯಲ್ಲಿ ನಿರ್ಣಯ ಬರೆಸೋಣ. ಮೇವಿನ ಭಾಗಕ್ಕೆ ಸಮಿತಿ ಮಾಡಿ, ಕುರಿ ಮೇಯಿಸುವವರನ್ನೂ ಸೌದೆ ತರುವ ತಾಯಂದಿರನ್ನೂ ಸೇರಿಸೋಣ. ಆಮೇಲೆ ಸುತ್ತೂರಿನಿಂದ ತಜ್ಞರನ್ನು ಕರೆಸಿ, ವೇದಿಕೆ ಮೇಲಲ್ಲ, ಗೋಮಾಳದಲ್ಲೇ ನಡೆದಾಡಿಸಿ ಕೇಳೋಣ. ಊರ ದನ ಕಾದು ದೊಡ್ಡ ಬೋರೇಗೌಡ ಅನ್ನಿಸಿಕೊಂಡ ಅಂತ ಗಾದೆ ಇದೆ. ನನ್ನನ್ನು ಹಾಗೆ ನಕ್ಕರೂ ಪರವಾಗಿಲ್ಲ, ದನ ಕಾಯಲು ಜಾಗ ಉಳಿದರೆ ಸಾಕು.

ಇಪ್ಪತ್ತೈದು ವರ್ಷ ಹನಿ ಹನಿ ಹಾಲು ಕೂಡಿಸಿ ಈ ಕಟ್ಟಡ ಕಟ್ಟಿದ್ದೇವೆ. ಐವತ್ತನೇ ವರ್ಷದ ಹಬ್ಬ ಮಾಡುವವರಿಗೆ ಕಟ್ಟಡದ ಜೊತೆಗೆ ಹುಲ್ಲೂ ಇರಲಿ. 

ಜೈ ಹಿಂದ್. ಜೈ ಕರ್ನಾಟಕ. ಜೈ ಸಹಕಾರ.