ಯುದ್ಧದಿಂದ ಹಿಂದಿರುಗುವ ಧರ್ಮ



ನಿನ್ನೆಯ ಪ್ರವಚನ ಮುಗಿದು ಎಲ್ಲರೂ ಪ್ರಸಾದಕ್ಕೆ ಎದ್ದ ಮೇಲೆ ಹಿರಿಯರೊಬ್ಬರು ನಮ್ಮ ಬಳಿ ಬಂದು ಕುಳಿತರು. ಸೈನ್ಯದಲ್ಲಿ ಹವಾಲ್ದಾರರಾಗಿದ್ದು ನಿವೃತ್ತರಾದವರು. 1987ರಲ್ಲಿ ನಮ್ಮ ದೇಶದ ಶಾಂತಿಪಾಲನಾ ಪಡೆ ಶ್ರೀಲಂಕಾಕ್ಕೆ ಹೋದಾಗ ಇವರೂ ಹೋಗಿದ್ದರು. "ಅಪ್ಪಾರ, ಅಮೆರಿಕದವರು ಇಪ್ಪತ್ತು ವರ್ಷ ಬಡದಾಡಿ ಅಫಘಾನಿಸ್ತಾನ ಬಿಟ್ಟು ಹೋದರು. ಹಂಗ ಬಿಟ್ಟು ಬರೂದು ಸೋಲೇನ್ರಿ, ಧರ್ಮೇನ್ರಿ? ನನ್ನ ಜೋಡಿ ಇದ್ದ ಹುಡುಗ ಲಂಕಾದಾಗ ತೀರಿಕೊಂಡ. ಆಮ್ಯಾಲೆ ನಾವೂ ಬಿಟ್ಟು ಬಂದ್ವಿ. ಹಂಗಾರ ಅಂವ ಸತ್ತದ್ದು ಯಾತಕ್ಕ್ರಿ?" ಎಂದು ಕೇಳಿದರು. ನಾವು ಕೂಡಲೇ ಉತ್ತರ ಕೊಡಲಿಲ್ಲ. "ಇದು ನಿಮ್ಮೊಬ್ಬರ ಪ್ರಶ್ನೆಯಲ್ಲ, ನಾಳೆ ಎಲ್ಲರ ಮುಂದೆ ವಿಚಾರ ಮಾಡೋಣ" ಎಂದೆವು. ಇಂದು ಅವರು ಮುಂದಿನ ಸಾಲಿನಲ್ಲಿಯೇ ಕುಳಿತಿದ್ದಾರೆ.

ಮಠಕ್ಕೂ ಯುದ್ಧಕ್ಕೂ ಏನು ಸಂಬಂಧ ಎಂದು ಕೆಲವರಿಗೆ ಅನ್ನಿಸಬಹುದು. ಹೋರಾಡುವವರು ಯಾರು? ರೈತನ ಮಗ, ಕೂಲಿಯವನ ಮಗ. ಕಾಯುವವಳು ತಾಯಿ. ತಾಯಿಯ ಕಣ್ಣೀರು ಬಿದ್ದ ಮಾತು ಮಠದ ಮಾತೂ ಹೌದು.

ನಾವು ಪಾಠಶಾಲೆಯಲ್ಲಿ ಓದುತ್ತಿದ್ದಾಗ ನಮ್ಮ ಗುರುಗಳು ಕಾವ್ಯ, ತರ್ಕಗಳ ಜೊತೆಗೆ ಕೌಟಿಲ್ಯನ ಅರ್ಥಶಾಸ್ತ್ರದ ಕೆಲವು ಭಾಗಗಳನ್ನೂ ಪಾಠ ಹೇಳುತ್ತಿದ್ದರು. ಈ ಗ್ರಂಥ ಬಹುಕಾಲ ಲೋಕಕ್ಕೆ ಮರೆಯಾಗಿತ್ತು. ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಬಂದ ಓಲೆಪ್ರತಿಯನ್ನು ಆರ್. ಶಾಮಶಾಸ್ತ್ರಿಗಳು ಶೋಧಿಸಿ 1909ರಲ್ಲಿ ಅಚ್ಚು ಮಾಡಿಸಿದರು. ಅದರ ಏಳನೆಯ ಅಧಿಕರಣದಲ್ಲಿ ಕೌಟಿಲ್ಯ ಒಂದು ಮಾತು ಹೇಳುತ್ತಾನೆ. ಸಂಧಿಯಿಂದಲೂ ಯುದ್ಧದಿಂದಲೂ ಬರುವ ಲಾಭ ಸಮನಾಗಿದ್ದರೆ ರಾಜನಾದವನು ಸಂಧಿಯನ್ನೇ ಆರಿಸಬೇಕು. ಏಕೆಂದರೆ ಯುದ್ಧದಲ್ಲಿ ನಾಲ್ಕು ಕೇಡುಗಳಿವೆ. ಕ್ಷಯ, ವ್ಯಯ, ಪ್ರವಾಸ, ಪ್ರತ್ಯವಾಯ. ಹೀಗೆ ಹೇಳಿದವನು ಕಾಷಾಯ ಉಟ್ಟ ಸಂನ್ಯಾಸಿಯಲ್ಲ. ಕೋಟೆ ಮುತ್ತುವ ವಿಧಾನ, ಗೂಢಚಾರರನ್ನು ನೇಮಿಸುವ ವಿಧಾನ ಬರೆದ ರಾಜನೀತಿಜ್ಞ. ಆದ್ದರಿಂದಲೇ ಅವನ ಮಾತಿಗೆ ತೂಕ ಹೆಚ್ಚು. ಈ ನಾಲ್ಕನ್ನೂ ಇಟ್ಟುಕೊಂಡು ಅಫಘಾನಿಸ್ತಾನದ ಯುದ್ಧವನ್ನು ನೋಡೋಣ.

ಒಂದನೆಯದು ಕ್ಷಯ, ಎಂದರೆ ಜನಹಾನಿ. 2001ರ ಸೆಪ್ಟೆಂಬರ್ 11ರಂದು ಅಮೆರಿಕದಲ್ಲಿ ಸುಮಾರು 3,000 ನಿರಪರಾಧಿಗಳನ್ನು ಭಯೋತ್ಪಾದಕರು ಕೊಂದರು. ಅಪರಾಧಿಗಳು ಅಫಘಾನಿಸ್ತಾನದಲ್ಲಿ ಆಶ್ರಯ ಪಡೆದಿದ್ದರು. ಅಮೆರಿಕ ಅಕ್ಟೋಬರ್ 7ರಂದು ಯುದ್ಧ ಆರಂಭಿಸಿತು. ಆ ದುಃಖ ನಿಜವಾದದ್ದು, ಆ ಕೋಪಕ್ಕೆ ಕಾರಣವಿತ್ತು. ಇದನ್ನು ಯಾರೂ ಅಲ್ಲಗಳೆಯಬಾರದು. ಆದರೆ ಮುಂದೆ ಏನಾಯಿತು? ಇಪ್ಪತ್ತು ವರ್ಷಗಳಲ್ಲಿ ಅಮೆರಿಕದ 2,400ಕ್ಕೂ ಹೆಚ್ಚು ಯೋಧರು ಸತ್ತರು. ಅಫಘಾನ್ ಸೈನಿಕರು, ಪೊಲೀಸರು 60,000ಕ್ಕೂ ಹೆಚ್ಚು, ಆಯುಧ ಹಿಡಿಯದ ಸಾಮಾನ್ಯರು 40,000ಕ್ಕೂ ಹೆಚ್ಚು ಸತ್ತರೆಂದು ಅಂದಾಜು ಮಾಡಿದ್ದಾರೆ. ದೂರದ ದೇಶ ತನ್ನ ಮಕ್ಕಳನ್ನು ಎಣಿಸಿ ದುಃಖಿಸಿತು. ಆ ನೆಲದವರ ಮಕ್ಕಳ ಲೆಕ್ಕ ಅಂದಾಜಿನಲ್ಲಿಯೇ ಉಳಿಯಿತು.

ಎರಡನೆಯದು ವ್ಯಯ. ಈ ಯುದ್ಧಕ್ಕೆ 2 ಲಕ್ಷ ಕೋಟಿ ಡಾಲರಿಗೂ ಮೀರಿ ಖರ್ಚಾಯಿತೆಂದು ಅಲ್ಲಿಯ ವಿದ್ವಾಂಸರೇ ಲೆಕ್ಕ ಹಾಕಿದ್ದಾರೆ. ಹಣದ ಮಾತು ಇಷ್ಟೇ ಸಾಕು. ಹೋದ ಹಣವನ್ನು ಮತ್ತೆ ದುಡಿಯಬಹುದು.

ಮೂರನೆಯದು ಪ್ರವಾಸ, ತನ್ನ ನೆಲವನ್ನು ಬಿಟ್ಟು ಪರನೆಲದಲ್ಲಿರುವುದು. ಇದನ್ನೂ ಕೇಡೆಂದು ಎಣಿಸಿದನಲ್ಲ, ಕೌಟಿಲ್ಯನ ಸೂಕ್ಷ್ಮದೃಷ್ಟಿ ಅಲ್ಲಿದೆ. ಪರದೇಶದ ಸೈನಿಕನಿಗೆ ಆ ಹಳ್ಳಿಯ ಭಾಷೆ ಬಾರದು. ಎದುರಿಗೆ ಬಂದವನು ಮಿತ್ರನೋ ಶತ್ರುವೋ ತಿಳಿಯದು. ಒಬ್ಬ ಬಂದು ಕೆಲವು ತಿಂಗಳಿದ್ದು ಹೋಗುತ್ತಾನೆ, ಅವನ ಜಾಗಕ್ಕೆ ಮತ್ತೊಬ್ಬ ಬರುತ್ತಾನೆ. ಹಳ್ಳಿಯವನು ಮಾತ್ರ ಅಲ್ಲಿಯೇ ಇರುತ್ತಾನೆ. ಇವರು ಎಂದಾದರೂ ಹೋಗುವವರೇ ಎಂದು ಅವನಿಗೆ ಗೊತ್ತು. ಇದೇ ನೆಲಕ್ಕೆ 1979ರ ಡಿಸೆಂಬರಿನಲ್ಲಿ ಸೋವಿಯತ್ ಸೈನ್ಯ ನುಗ್ಗಿತ್ತು. ಸುಮಾರು ಒಂಬತ್ತು ವರ್ಷ ಹೋರಾಡಿ, ತನ್ನ ಸುಮಾರು 15,000 ಯೋಧರನ್ನು ಕಳೆದುಕೊಂಡಿತು. ಲಕ್ಷಾಂತರ ಅಫಘಾನರು ಮಡಿದರು. ಸುಮಾರು 50 ಲಕ್ಷ ಜನ ಮನೆಮಠ ಬಿಟ್ಟು ಪಾಕಿಸ್ತಾನಕ್ಕೂ ಇರಾನಿಗೂ ಓಡಿದರು. 1989ರ ಫೆಬ್ರವರಿ 15ರಂದು ಸೇನಾನಿ ಬೊರಿಸ್ ಗ್ರೊಮೊವ್ ಅಮು ದರ್ಯಾ ನದಿಯ ಸೇತುವೆ ದಾಟಿ ಹಿಂದಿರುಗಿದ. ಹನ್ನೆರಡು ವರ್ಷ ಕಳೆದಿತ್ತು, ಅಷ್ಟರಲ್ಲಿ ಮತ್ತೊಂದು ಬಲಾಢ್ಯ ದೇಶ ಅದೇ ಬೆಟ್ಟಗಳಿಗೆ ಬಂತು. ಒಬ್ಬರು ಬಿದ್ದ ಕುಣಿಯನ್ನು ನೋಡಿಯೂ ಇನ್ನೊಬ್ಬರು ಕಾಲಿಟ್ಟರು. ಬಲವೆಂಬುದು ಕಣ್ಣಿಗೆ ಪೊರೆ ಬರಿಸುತ್ತದೆ.

ಹಾಗಾದರೆ ಬೇಗ ಏಕೆ ಬಿಡಲಿಲ್ಲ? ಇಲ್ಲಿ ನಮ್ಮ ಭಕ್ತರೊಬ್ಬರ ಸಂಗತಿ ನೆನಪಾಗುತ್ತದೆ. ಎರಡು ಗುಂಟೆ ಬದುವಿಗಾಗಿ ದಾಯಾದಿಯ ಮೇಲೆ ಕೋರ್ಟಿಗೆ ಹೋದರು. ಹದಿನೆಂಟು ವರ್ಷ ತಾರೀಖಿನ ಮೇಲೆ ತಾರೀಖು. ಒಂದು ಜೋಡಿ ಎತ್ತು ಹೋದವು, ಮಗಳ ಮದುವೆಗೆ ಇಟ್ಟ ಬಂಗಾರ ಹೋಯಿತು. "ಇನ್ನು ರಾಜಿಯಾಗಬಾರದೇ?" ಎಂದು ನಾವು ಕೇಳಿದರೆ, "ಇಷ್ಟೆಲ್ಲಾ ಕಳಕೊಂಡೀನ್ರಿ ಅಪ್ಪಾರ, ಈಗ ಹೆಂಗ ಬಿಡ್ಲಿ?" ಎಂದರು. ಕಳೆದುಕೊಂಡದ್ದೇ ಇನ್ನಷ್ಟು ಕಳೆದುಕೊಳ್ಳಲು ಕಾರಣವಾಯಿತು ನೋಡಿ! ದೇಶಗಳೂ ಹೀಗೆಯೇ ಮಾಡುತ್ತವೆ. ಸತ್ತವರ ಬಲಿದಾನ ವ್ಯರ್ಥವಾಗಬಾರದು ಎಂದು ಹೇಳಿ ಬದುಕಿರುವವರನ್ನು ಕಳುಹಿಸುತ್ತವೆ.

ಇದರಲ್ಲಿ ಇನ್ನೊಂದು ದೋಷವಿದೆ. ದಂಡಿಸಹೊರಟ ಬಿನ್ ಲಾಡೆನ್ 2011ರ ಮೇ ತಿಂಗಳಲ್ಲಿ ಪಾಕಿಸ್ತಾನದಲ್ಲಿ ಹತನಾದ. ಯುದ್ಧ ಮತ್ತೆ ಹತ್ತು ವರ್ಷ ನಡೆಯಿತು. ನಡೆಸುವವರಿಗೆ ಗೆಲುವಿನ ನಂಬಿಕೆಯಾದರೂ ಇತ್ತೇ? 2019ರ ಡಿಸೆಂಬರಿನಲ್ಲಿ ಅಮೆರಿಕದ ವಾಷಿಂಗ್ಟನ್ ಪೋಸ್ಟ್ ಪತ್ರಿಕೆ ನ್ಯಾಯಾಲಯದ ಮೆಟ್ಟಿಲೇರಿ ಪಡೆದ ಸರ್ಕಾರಿ ಕಾಗದಗಳನ್ನು ಪ್ರಕಟಿಸಿತು. ಕೆಲಸ ಕೈಗೂಡುತ್ತಿಲ್ಲವೆಂದು ಅಧಿಕಾರಿಗಳು ಒಳಗೆ ಹೇಳಿಕೊಳ್ಳುತ್ತಿದ್ದರು, ಹೊರಗೆ ಜನರಿಗೆ ಪ್ರಗತಿಯ ಮಾತು ಹೇಳುತ್ತಿದ್ದರು ಎಂಬುದು ಅದರಿಂದ ಬಯಲಾಯಿತು. ಮಾತು ಒಂದು, ಮನಸ್ಸು ಒಂದು ಆದ ಮೇಲೆ ಅದು ಶೌರ್ಯವಲ್ಲ. ತಮ್ಮ ಮಾನ ಉಳಿಸಿಕೊಳ್ಳಲು ಪರರ ಮಕ್ಕಳ ಪ್ರಾಣ ಒಡ್ಡಿದಂತೆ. ಆದ್ದರಿಂದ ನಮ್ಮ ಅಭಿಪ್ರಾಯ ಸ್ಪಷ್ಟ: ಗೆಲ್ಲಲಾಗದೆಂದು ತಾನೇ ಬಲ್ಲ ಯುದ್ಧದಿಂದ ದೇಶವು ಹಿಂದಿರುಗಲೇಬೇಕು. ಅದು ಸೋಲಿನಂತೆ ಕಂಡರೂ ಧರ್ಮವೇ.

ಇಷ್ಟಕ್ಕೆ ನಿಲ್ಲಿಸಿದರೆ ವಿಚಾರ ಅರ್ಧವಾಗುತ್ತದೆ. ನಾಲ್ಕನೆಯ ಪದ ಉಳಿದಿದೆ, ಪ್ರತ್ಯವಾಯ. ಮೀಮಾಂಸಕರು ಈ ಪದವನ್ನು ಒಂದು ವಿಶೇಷ ಅರ್ಥದಲ್ಲಿ ಬಳಸುತ್ತಾರೆ. ಮಾಡಬೇಕಾದ ನಿತ್ಯಕರ್ಮವನ್ನು ಮಾಡದೆ ಬಿಟ್ಟರೆ ಬರುವ ದೋಷವೇ ಪ್ರತ್ಯವಾಯ. ಯುದ್ಧ ಮಾಡಿದವನಿಗೆ ಮಾಡಿದ್ದರ ಪಾಪ ಉಂಟು; ಬಿಟ್ಟು ಹೋಗುವವನಿಗೆ ಮಾಡದೆ ಉಳಿಸಿದ್ದರ ಪಾಪವೂ ಉಂಟು.

ಮಹಾಭಾರತದ ಸೌಪ್ತಿಕ ಪರ್ವವನ್ನು ನೆನೆಯಿರಿ. ಅಶ್ವತ್ಥಾಮ ಅಸ್ತ್ರ ಬಿಟ್ಟ; ಅರ್ಜುನನೂ ಬಿಟ್ಟ. ಲೋಕ ಉರಿಯುವುದೆಂದು ವ್ಯಾಸರೂ ನಾರದರೂ ನಡುವೆ ಬಂದು ನಿಂತರು. ಅರ್ಜುನ ತನ್ನ ಅಸ್ತ್ರವನ್ನು ಹಿಂದೆ ತೆಗೆದುಕೊಂಡ. ಅಶ್ವತ್ಥಾಮನಿಗೆ ಪ್ರಯೋಗ ಗೊತ್ತಿತ್ತು, ಉಪಸಂಹಾರ ಗೊತ್ತಿರಲಿಲ್ಲ. ಅವನ ಅಸ್ತ್ರ ಎಲ್ಲಿ ಹೋಗಿ ಬಿತ್ತು? ಉತ್ತರೆಯ ಗರ್ಭದ ಮೇಲೆ. ಯುದ್ಧದ ಗಂಧವಿಲ್ಲದ ಶಿಶುವಿನ ಮೇಲೆ.

ಅಫಘಾನಿಸ್ತಾನದಲ್ಲಿಯೂ ಉಪಸಂಹಾರದ ವಿದ್ಯೆ ಕಾಣಲಿಲ್ಲ. 2001ರ ಡಿಸೆಂಬರಿನಲ್ಲಿ ತಾಲಿಬಾನಿಗಳು ಸೋತು ಕಂದಹಾರದಲ್ಲಿ ಶರಣಾಗತಿಯ ಮಾತೆತ್ತಿದಾಗ, ಅವರ ನಾಯಕನಿಗೆ ಕ್ಷಮೆ ಕೊಡುವ ಒಪ್ಪಂದಕ್ಕೆ ಅಮೆರಿಕ ಸಮ್ಮತಿಸಲಿಲ್ಲ. ಕೈ ಮೇಲಿದ್ದಾಗ ಮಾಡದ ಸಂಧಿಯನ್ನು ಕೈ ಸೋತ ಮೇಲೆ 2020ರ ಫೆಬ್ರವರಿ 29ರಂದು ದೋಹಾದಲ್ಲಿ ಮಾಡಿಕೊಂಡರು. ಅದಕ್ಕೆ ತಾವೇ ಬೆಂಬಲಿಸಿದ ಅಫಘಾನ್ ಸರ್ಕಾರವನ್ನೇ ಸೇರಿಸಿಕೊಳ್ಳಲಿಲ್ಲ. ಮನೆಯ ಯಜಮಾನನನ್ನು ಹೊರಗೆ ನಿಲ್ಲಿಸಿ ಮನೆಯ ಮಾತು ಮುಗಿಸಿದಂತಾಯಿತು. 2021ರ ಆಗಸ್ಟ್ 15ರಂದು ಕಾಬೂಲ್ ಬಿತ್ತು. ಸೋವಿಯತ್ ಸೈನ್ಯ ಹೋದ ಮೇಲೆ ನಜೀಬುಲ್ಲಾನ ಸರ್ಕಾರ ಮೂರು ವರ್ಷವಾದರೂ ನಿಂತಿತ್ತು, ನೆರವು ನಿಂತ ಮೇಲೆ 1992ರಲ್ಲಿ ಬಿದ್ದಿತು. ಇಲ್ಲಿ ಕೊನೆಯ ಸೈನಿಕ ಹೊರಡುವ ಮೊದಲೇ ಸರ್ಕಾರ ಬಿದ್ದಿತ್ತು. 1,20,000ಕ್ಕೂ ಹೆಚ್ಚು ಜನರನ್ನು ವಿಮಾನದಲ್ಲಿ ಕರೆದೊಯ್ದರು, ಅದನ್ನು ಮೆಚ್ಚಬೇಕು. ಆದರೆ ಸೈನ್ಯಕ್ಕೆ ದುಭಾಷಿಗಳಾಗಿ ದುಡಿದ ಎಷ್ಟೋ ಜನ ಹಿಂದೆಯೇ ಉಳಿದರು. ಆಗಸ್ಟ್ 26ರಂದು ವಿಮಾನ ನಿಲ್ದಾಣದ ಬಾಗಿಲಲ್ಲಿ ಬಾಂಬು ಸಿಡಿದು 13 ಅಮೆರಿಕನ್ ಯೋಧರೂ ಸುಮಾರು 170 ಅಫಘಾನರೂ ಸತ್ತರು. ಇಪ್ಪತ್ತು ವರ್ಷ ಶಾಲೆಗೆ ಹೋಗಿರೆಂದು ಹೆಣ್ಣುಮಕ್ಕಳಿಗೆ ಹೇಳಿದರು. ಆಮೇಲೆ ಪ್ರೌಢಶಾಲೆಯ ಬಾಗಿಲು ಅವರಿಗೆ ಮುಚ್ಚಿತು, 2022ರ ಡಿಸೆಂಬರಿನಲ್ಲಿ ವಿಶ್ವವಿದ್ಯಾಲಯದ್ದೂ ಮುಚ್ಚಿತು. ಹಿಂದೆ ತೆಗೆದುಕೊಳ್ಳಲು ಬಾರದ ಅಸ್ತ್ರ ಗರ್ಭದ ಮೇಲೆ ಬಿತ್ತೆಂದು ಹೇಳಿದೆವಲ್ಲ, ಇದೇ ಅದು.

"ಹಾಗಿದ್ದರೆ ಇನ್ನೂ ಇರಬೇಕಿತ್ತಲ್ಲವೇ?" ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ, ಆ ಹೆಣ್ಣುಮಕ್ಕಳ ಮುಖ ನೋಡಿ ಕೇಳಬೇಕಾದ ಪ್ರಶ್ನೆ. ಆದರೆ ಇಪ್ಪತ್ತು ವರ್ಷದಲ್ಲಿ ಕಟ್ಟಿದ ಸೈನ್ಯ ಕೆಲವೇ ದಿನಗಳಲ್ಲಿ ಚದುರಿಹೋಯಿತು. ಇಪ್ಪತ್ತು ವರ್ಷದಲ್ಲಿ ಬೇರು ಬಿಡದ ಗಿಡ ಇಪ್ಪತ್ತೊಂದನೆಯ ವರ್ಷದಲ್ಲಿ ಬಿಟ್ಟೀತೇ? ತಪ್ಪು ಹಿಂದಿರುಗಿದ್ದರಲ್ಲಿ ಇರಲಿಲ್ಲ, ಹಿಂದಿರುಗಿದ ರೀತಿಯಲ್ಲಿತ್ತು. ಬಲವಿರುವಾಗಲೇ ಹೊರಡುವ ದಾರಿ ಹುಡುಕಬೇಕು. ಆ ನೆಲದವರನ್ನು ಕೂರಿಸಿಕೊಂಡು ಮಾತಾಡಬೇಕು. ನಂಬಿ ಬಂದವರನ್ನು ಮೊದಲು ದಾಟಿಸಿ ತಾನು ಕೊನೆಗೆ ದಾಟಬೇಕು. ಹೊರಟ ಮೇಲೂ ಅನ್ನ, ಔಷಧ, ಆಶ್ರಯದ ಋಣ ತೀರಿಸುತ್ತಿರಬೇಕು. ಸೈನ್ಯ ಹಿಂದಿರುಗಬಹುದು, ಋಣ ಹಿಂದಿರುಗುವುದಿಲ್ಲ.

ಇನ್ನು ನಮ್ಮ ಹವಾಲ್ದಾರರ ಪ್ರಶ್ನೆ. ಶ್ರೀಲಂಕಾದಲ್ಲಿ ನಮ್ಮ ಸುಮಾರು 1,200 ಯೋಧರು ಪ್ರಾಣ ಕೊಟ್ಟರು. 1990ರ ಮಾರ್ಚಿನಲ್ಲಿ ಪಡೆ ಹಿಂದಿರುಗಿತು. ಕಳುಹಿಸಿದ್ದು ಸರಿಯೋ ತಪ್ಪೋ, ಅದರ ಲೆಕ್ಕ ಕಳುಹಿಸಿದವರದು. ಯಜಮಾನರೇ, ನಿಮ್ಮ ಗೆಳೆಯನ ಕಾಯಕ ಅವನ ಮಟ್ಟಿಗೆ ಪೂರ್ಣವಾಯಿತು. ಅದನ್ನು ವ್ಯರ್ಥ ಮಾಡುವ ಶಕ್ತಿ ಯಾವ ಸರ್ಕಾರಕ್ಕೂ ಇಲ್ಲ. ಮತ್ತೊಬ್ಬ ಸತ್ತರೆ ಅದು ಇನ್ನಷ್ಟು ಸಾರ್ಥಕವಾಗುವುದೂ ಇಲ್ಲ. ಸತ್ತವನು ಇನ್ನೊಂದು ಸಾವನ್ನು ಕೇಳುವುದಿಲ್ಲ. ಪಡೆ ಹಿಂದಿರುಗಿದ್ದರಿಂದ ಉಳಿದ ಜೀವಗಳಲ್ಲಿ ನಿಮ್ಮದೂ ಒಂದು. ನೀವು ಮನೆಗೆ ಬಂದಿರಿ, ಮಕ್ಕಳನ್ನು ಓದಿಸಿದಿರಿ, ಇಂದು ಇಲ್ಲಿ ಕುಳಿತಿದ್ದೀರಿ. ಅವನ ತಾಯಿ ಇದ್ದರೆ ಅವರನ್ನು, ಇಲ್ಲವಾದರೆ ಅವನ ಮನೆಯವರನ್ನು ವರ್ಷಕ್ಕೊಮ್ಮೆಯಾದರೂ ಕಂಡು ಬನ್ನಿ. ನಿಮ್ಮ ಪಾಲಿನ ಪ್ರತ್ಯವಾಯ ಕಳೆಯುವ ದಾರಿ ಅದು.

ಕೇಳುವ ನಾವೆಲ್ಲರೂ ನಮ್ಮ ನಮ್ಮ ಬದುವಿನ ವ್ಯಾಜ್ಯಗಳನ್ನು ನೆನೆಯೋಣ. ಹಿಡಿದದ್ದನ್ನು ಬಿಡಲು ಹಿಡಿಯುವುದಕ್ಕಿಂತ ಹೆಚ್ಚಿನ ಧೈರ್ಯ ಬೇಕು.