ಸಸಿ ಕೊಳ್ಳುವಾಗ ಕೇಳಬೇಕಾದ ಮಾತು



ಮಳೆಗಾಲ ಬಂತೆಂದರೆ ನಾವೆಲ್ಲ ನರ್ಸರಿಯಿಂದ ಸಸಿ ತರುತ್ತೇವೆ. ಯಾವ ಬಣ್ಣದ ಹೂ, ಎಷ್ಟು ನೀರು, ಬೆಲೆ ಎಷ್ಟು ಎಂದೆಲ್ಲ ಕೇಳುತ್ತೇವೆ. ಮನೆಯಲ್ಲಿ ಅಂಬೆಗಾಲಿಡುವ ಮಗುವಿದ್ದರೆ ಇನ್ನೊಂದು ಮಾತು ಕೇಳಿ: ಇದನ್ನು ಮಗು ಬಾಯಿಗೆ ಹಾಕಿಕೊಂಡರೆ ಏನಾಗುತ್ತದೆ?

ಪೂಜೆಗೆಂದು ಬಹಳ ಮನೆಗಳಲ್ಲಿ ಕಣಗಿಲೆ ಬೆಳೆಸುತ್ತಾರೆ. ಅದರ ಎಲೆ, ಹೂ, ಕಾಂಡ, ಬೇರು ಎಲ್ಲವೂ ವಿಷ. ಹೃದಯದ ಬಡಿತವನ್ನೇ ಏರುಪೇರು ಮಾಡುತ್ತದೆ. ಹಳದಿ ಹೂವಿನ ಕಣಗಿಲೆಯ ಬೀಜವಂತೂ ಬಹಳ ಅಪಾಯ, ಮಕ್ಕಳು ಅದನ್ನೇ ಆಟಕ್ಕೆ ಆಯ್ದುಕೊಳ್ಳುತ್ತಾರೆ. ಇದ್ದ ಗಿಡ ಕಿತ್ತುಹಾಕಿ ಎಂದು ನಾನು ಹೇಳುತ್ತಿಲ್ಲ. ಆದರೆ ಮಗು ದೊಡ್ಡದಾಗುವವರೆಗೆ ಹೊಸದಾಗಿ ತರುವುದು ದಾಸವಾಳ, ಮಲ್ಲಿಗೆ ಸಾಕಲ್ಲವೇ? ಪಡಸಾಲೆಯ ಕುಂಡಕ್ಕೆಂದು ಕೊಡುವ, ಬಿಳಿ ಮಚ್ಚೆಯ ಅಗಲ ಎಲೆಯ ಡಿಫೆನ್‌ಬೇಕಿಯಾ ಅಗಿದರೆ ಬಾಯಿ ಉರಿದು ನಾಲಿಗೆ ಊದಿಕೊಳ್ಳುತ್ತದೆ. ಸರಿಯಾಗಿ ಬೇಯದ ಕೆಸುವಿನ ಎಲೆ ಗಂಟಲು ಕೆರೆಯುವುದೂ ಇದೇ ಕಾರಣಕ್ಕೆ. ಎರಡರಲ್ಲೂ ಸೂಜಿಯಂಥ ಸಣ್ಣ ಹರಳುಗಳಿವೆ.

ಮಗು ತಿಂದೇಬಿಟ್ಟರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ಬಾಯಲ್ಲಿ ಉಳಿದದ್ದನ್ನು ತೆಗೆದು, ಬಾಯಿ ಒರೆಸಿ, ತಕ್ಷಣ ಆಸ್ಪತ್ರೆಗೆ ಬನ್ನಿ. ವಾಹನವಿಲ್ಲದಿದ್ದರೆ 108ಕ್ಕೆ ಕರೆ ಮಾಡಿ. ಆ ಗಿಡದ ಒಂದು ರೆಂಬೆಯನ್ನೂ ಜೊತೆಗೆ ತನ್ನಿ. ಮಗು ಆಡಿಕೊಂಡೇ ಇದೆ, ಸಂಜೆವರೆಗೆ ನೋಡೋಣ ಎನ್ನಬೇಡಿ. ಕಣಗಿಲೆಯ ವಿಷ ತಡವಾಗಿ ತೋರುವುದೂ ಉಂಟು.

ಇನ್ನೊಂದು, ನರ್ಸರಿಯವರಿಂದ ಸಸಿಯ ಹೆಸರನ್ನು ಚೀಟಿಯಲ್ಲಿ ಬರೆಸಿಕೊಂಡು ಕುಂಡಕ್ಕೆ ಕಟ್ಟಿಡಿ. ಮಗು ತಿಂದದ್ದು ಯಾವ ಗಿಡ ಎಂದು ವೈದ್ಯರು ಮೊದಲು ಕೇಳುತ್ತಾರೆ.