ಎಣಿಕೆಯೂ ಬದಲಾವಣೆಯೂ ಒಂದೇ ಕಡತದಲ್ಲಿರಲಿ



ವರ್ಚುವಲ್ ಲೋಕಗಳನ್ನು ಅಧ್ಯಯನ ಮಾಡುವವರಲ್ಲಿ ಎರಡು ಬಗೆಯ ಲೆಕ್ಕಿಗರಿದ್ದಾರೆ. ಒಬ್ಬರು ಜನರನ್ನು ಎಣಿಸುತ್ತಾರೆ: ಎಷ್ಟು ಮಂದಿ ಬಂದರು, ಎಷ್ಟು ಹೊತ್ತು ಇದ್ದರು, ಏನು ಕೊಂಡರು, ಯಾರೊಡನೆ ಮಾತಾಡಿದರು. ಇನ್ನೊಬ್ಬರ ಕಣ್ಣು ಯಂತ್ರದ ಮೇಲೆ: ಸರ್ವರ್ ತಂತ್ರಾಂಶ ಯಾವಾಗ ಬದಲಾಯಿತು, ಯಾವ ಸೌಲಭ್ಯ ಹೊಸದಾಗಿ ಸೇರಿತು, ಯಾವುದನ್ನು ತೆಗೆದುಹಾಕಿದರು. ಮೊದಲನೆಯವರು ಸಮಾಜಶಾಸ್ತ್ರ, ಅರ್ಥಶಾಸ್ತ್ರದ ಕಡೆಯವರು. ಎರಡನೆಯವರು ಕಂಪ್ಯೂಟರ್ ವಿಜ್ಞಾನದವರು. ಒಬ್ಬರ ಪ್ರಬಂಧವನ್ನು ಇನ್ನೊಬ್ಬರು ಓದುವುದು ಕಡಿಮೆ. ಈ ಸಂಕಿರಣದಲ್ಲಿ ನಾನಿಂದು ಮಂಡಿಸುವ ವಾದ ಇಷ್ಟೇ: ಈ ಎರಡು ಲೆಕ್ಕಗಳೂ ಒಂದೇ ಕಡತದಲ್ಲಿ, ಒಂದೇ ಕಾಲಾನುಕ್ರಮದಲ್ಲಿ ಇರಬೇಕು, ಇಲ್ಲವಾದರೆ ಎರಡೂ ನಮ್ಮ ದಾರಿ ತಪ್ಪಿಸುತ್ತವೆ. ಏಕೆಂದರೆ ಇಂಥ ಲೋಕದಲ್ಲಿ ಅಳೆಯುವ ಸಾಧನವನ್ನೂ ಅಳತೆಗೆ ಸಿಗುವ ಲೋಕವನ್ನೂ ಕಟ್ಟಿರುವುದು ಒಂದೇ ತಂತ್ರಾಂಶ. ಮಳೆಮಾಪಕದ ಬಾಯನ್ನು ಯಾರೋ ಅಗಲ ಮಾಡಿ, ಅದನ್ನು ಎಲ್ಲಿಯೂ ಬರೆದಿಡದೆ ಹೋದರೆ, ಮುಂದಿನ ವರ್ಷದ ದಾಖಲೆಯಲ್ಲಿ ಮಳೆ ಹೆಚ್ಚಾದಂತೆಯೇ ಕಾಣುತ್ತದೆ. ವರ್ಚುವಲ್ ಲೋಕದಲ್ಲಿ ಮಾಪಕದ ಬಾಯಿ ಆಗಾಗ ಬದಲಾಗುತ್ತಲೇ ಇರುತ್ತದೆ.

ಈ ವಾದಕ್ಕೆ ಆಧಾರವಾಗಿ ಸೆಕೆಂಡ್ ಲೈಫ್ ಅನ್ನು ಆರಿಸಿಕೊಂಡಿದ್ದೇನೆ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದ ಲಿಂಡನ್ ಲ್ಯಾಬ್ ಕಂಪನಿ 2003ರ ಜೂನ್‌ನಲ್ಲಿ ಸಾರ್ವಜನಿಕರಿಗೆ ತೆರೆದ ಈ ಲೋಕ ಎರಡು ದಶಕ ದಾಟಿಯೂ ನಡೆಯುತ್ತಿದೆ. ಅಲ್ಲಿ ಗೆಲ್ಲಬೇಕಾದ ಆಟ ಯಾವುದೂ ಇಲ್ಲ. ಮನೆ, ಬಟ್ಟೆ, ಅಂಗಡಿಗಳನ್ನು ನಿವಾಸಿಗಳೇ ಕಟ್ಟಿ, ಲಿಂಡನ್ ಡಾಲರ್ ಎಂಬ ಹಣದಲ್ಲಿ ಕೊಟ್ಟು ಕೊಳ್ಳುತ್ತಾರೆ. 2006ರಲ್ಲಿ ರಾಯಿಟರ್ಸ್ ಸುದ್ದಿಸಂಸ್ಥೆ ಅದರೊಳಗೇ ಒಂದು ಕಚೇರಿ ತೆರೆಯಿತು. ಆ ವರ್ಷದ ಡಿಸೆಂಬರ್‌ನಲ್ಲಿ ನಿವಾಸಿಗಳ ಸಂಖ್ಯೆ 20 ಲಕ್ಷ ದಾಟಿತೆಂಬ ಸುದ್ದಿ ಹರಡಿದಾಗ, ಅಂತರ್ಜಾಲದ ಬಗ್ಗೆ ಬರೆಯುವ ಕ್ಲೇ ಶರ್ಕಿ ಸರಳವಾದ ಆಕ್ಷೇಪ ಎತ್ತಿದರು: ಅದು ತೆರೆದ ಖಾತೆಗಳ ಲೆಕ್ಕ, ಬಂದು ಉಳಿದವರದ್ದಲ್ಲ. ಒಬ್ಬರೇ ಹಲವು ಖಾತೆ ತೆರೆಯಬಹುದು. ಒಮ್ಮೆ ಇಣುಕಿ ಹೋದವರೂ ಪಟ್ಟಿಯಲ್ಲಿ ಉಳಿಯುತ್ತಾರೆ. ಏಕಕಾಲದ ಹಾಜರಿ, ಎಂದರೆ ಒಂದು ಕ್ಷಣದಲ್ಲಿ ಒಳಗಿರುವವರ ಸಂಖ್ಯೆ, ಶಿಖರ ಮುಟ್ಟಿದ್ದು 2009ರ ಆರಂಭದಲ್ಲಿ, ಸುಮಾರು 88 ಸಾವಿರಕ್ಕೆ. ಆಮೇಲೆ ಆ ಮಟ್ಟ ಮತ್ತೆ ಬರಲಿಲ್ಲ. ಆದರೆ 2013ರಲ್ಲಿ, ಹತ್ತನೇ ವರ್ಷಾಚರಣೆಯ ಹೊತ್ತಿಗೆ, ಒಟ್ಟು ಖಾತೆಗಳು 3 ಕೋಟಿ 60 ಲಕ್ಷ ಎಂದು ಕಂಪನಿ ಹೇಳಿತು. ಹಾಜರಿ ಇಳಿಮುಖವಾಗಿದ್ದ ವರ್ಷಗಳಲ್ಲೇ ಖಾತೆಗಳ ಮೊತ್ತ ಏರುತ್ತಿತ್ತು. ಎರಡೂ ನಿಜ, ಯಾವ ಪ್ರಶ್ನೆಗೆ ಯಾವುದು ಉತ್ತರ ಎಂಬುದನ್ನು ಹೇಳದೆ ಬಳಸಿದಾಗ ಎರಡೂ ಮೋಸ.

ವ್ಯಾಖ್ಯೆ ಸರಿಪಡಿಸಿದರೆ ಸಾಲದು. ಎಣಿಕೆಗೆ ಬೆಲೆ ಕಟ್ಟಿದ ಕೂಡಲೇ ಜನ ಎಣಿಕೆಗೆ ತಕ್ಕಂತೆ ನಡೆಯತೊಡಗುತ್ತಾರೆ. ಸೆಕೆಂಡ್ ಲೈಫ್‌ನಲ್ಲಿ ಪ್ರತಿ ಜಾಗಕ್ಕೂ ‘ಟ್ರಾಫಿಕ್’ ಎಂಬ ಅಂಕಿಯಿತ್ತು. ಅವತಾರಗಳು, ಎಂದರೆ ನಿವಾಸಿಗಳನ್ನು ಪರದೆಯ ಮೇಲೆ ಪ್ರತಿನಿಧಿಸುವ ಆಕೃತಿಗಳು, ಅಲ್ಲಿ ಕಳೆದ ಹೊತ್ತು ಅದಕ್ಕೆ ಆಧಾರ. ಹುಡುಕಾಟದ ಫಲಿತಾಂಶದಲ್ಲಿ ಹೆಚ್ಚು ಟ್ರಾಫಿಕ್ ಇದ್ದ ಜಾಗ ಮೇಲೆ ಬರುತ್ತಿತ್ತು. ಅಂಗಡಿಕಾರರು ಸುಮ್ಮನಿರುತ್ತಾರೆಯೇ? ಕೂತವರಿಗೆ ಕೆಲವು ಲಿಂಡನ್ ಡಾಲರ್ ಕೊಡುವ ಕುರ್ಚಿಗಳನ್ನು ಹಾಕಿದರು. ಆಮೇಲೆ ಮನುಷ್ಯರೇ ಇಲ್ಲದ ಬಾಟ್ ಅವತಾರಗಳನ್ನು ಸಾಲಾಗಿ ನಿಲ್ಲಿಸಿದರು. 2009ರಲ್ಲಿ ಕಂಪನಿ ಬಾಟ್‌ಗಳಿಂದ ಟ್ರಾಫಿಕ್ ಉಬ್ಬಿಸುವುದನ್ನು ನಿಷೇಧಿಸಿತು. ಗುರಿಯಾದ ಅಳತೆ ಅಳತೆಯಾಗಿ ಉಳಿಯುವುದಿಲ್ಲ ಎಂಬ, ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ ಹೆಸರಿನಲ್ಲಿರುವ ನಿಯಮಕ್ಕೆ ಇದಕ್ಕಿಂತ ಅಚ್ಚುಕಟ್ಟಾದ ನಿದರ್ಶನ ಬೇಡ. ಆದರೆ ನಮ್ಮ ವಾದಕ್ಕೆ ಮುಖ್ಯವಾದದ್ದು ಮುಂದಿನ ಮಾತು: 2008ರ ಮತ್ತು 2010ರ ಟ್ರಾಫಿಕ್ ಅಂಕಿಗಳನ್ನು ಅಕ್ಕಪಕ್ಕ ಇಟ್ಟು ಜನಪ್ರಿಯತೆ ಇಳಿಯಿತೆಂದು ಬರೆಯುವವರು ನಡುವೆ ನಿಯಮವೇ ಬದಲಾದದ್ದನ್ನು ಅರಿಯದೆ ಬರೆಯುತ್ತಾರೆ.

ತಾಂತ್ರಿಕ ಬದಲಾವಣೆ ಇನ್ನೂ ಆಳಕ್ಕಿಳಿದು ಅಳತೆಯ ಮಾನವನ್ನೇ ಬದಲಿಸುತ್ತದೆ. ಅಲ್ಲಿನ ನೆಲ 256 ಮೀಟರ್ ಉದ್ದ, ಅಷ್ಟೇ ಅಗಲದ ಪ್ರದೇಶಗಳಾಗಿ ಹಂಚಿಕೆಯಾಗಿದೆ. 2008ರಲ್ಲಿ ಪ್ರದೇಶಗಳ ಸಂಖ್ಯೆ ಭರದಿಂದ ಏರಿತು. ಏರಿಕೆಯ ದೊಡ್ಡ ಪಾಲು ‘ಓಪನ್‌ಸ್ಪೇಸ್’ ಎಂಬ ಅಗ್ಗದ ಬಗೆಯದು. ನಕ್ಷೆಯಲ್ಲಿ ಪೂರ್ಣ ಪ್ರದೇಶದಷ್ಟೇ ಜಾಗ, ಆದರೆ ಪೂರ್ಣ ಪ್ರದೇಶವೊಂದಕ್ಕೆ ಮೀಸಲಾದ ಸರ್ವರ್ ಶಕ್ತಿಯಲ್ಲಿ ಇಂಥವು ನಾಲ್ಕು. ಅಕ್ಟೋಬರ್‌ನಲ್ಲಿ ಅವುಗಳ ಮಾಸಿಕ ಶುಲ್ಕ ಏರಿಸುವ ಪ್ರಕಟಣೆ ಬಂತು, ಪ್ರತಿಭಟನೆ ಎದ್ದಿತು, ಪ್ರದೇಶಗಳ ಎಣಿಕೆ ಕುಸಿಯಿತು. ಹೊರಗಿನ ಪತ್ರಕರ್ತನಿಗೆ ಇದು ಲೋಕದ ಅವನತಿ; ಬದಲಾವಣೆಯ ದಾಖಲೆ ಕೈಯಲ್ಲಿದ್ದವನಿಗೆ ದೊಡ್ಡ ಭಾಗ ಬೆಲೆಪಟ್ಟಿಯ ಪರಿಣಾಮ. 2007ರ ಆಗಸ್ಟ್‌ನಲ್ಲಿ ಧ್ವನಿ ಸಂಭಾಷಣೆ ಬಂತು. ಬರಹದ ಚಾಟ್ ಸಾಲುಗಳನ್ನು ಎಣಿಸಿ ಒಡನಾಟ ಅಳೆಯುವವರಿಗೆ ಅಂದಿನಿಂದ ಮಾತಿನ ಒಂದು ಪಾಲು ಕೈತಪ್ಪಿತು. 2011ರಲ್ಲಿ, ಹೊರಗೆ ತಯಾರಿಸಿದ ಮೂರು ಆಯಾಮದ ಆಕೃತಿಗಳನ್ನು ಒಳತರುವ ‘ಮೆಷ್’ ಬಂದಾಗ, ವಸ್ತುಗಳನ್ನು ‘ಪ್ರಿಮ್’ ಎಂಬ ಮೂಲ ಆಕಾರದ ತುಂಡುಗಳ ಲೆಕ್ಕದಲ್ಲಿ ಅಳೆಯುವುದು ಹೋಗಿ ‘ಲ್ಯಾಂಡ್ ಇಂಪ್ಯಾಕ್ಟ್’ ಎಂಬ ಹೊಸ ಮಾನ ನೆಲೆಯೂರಿತು. ಹಾಜರಿಯ ಮಿತಿಯನ್ನೂ ಗಮನಿಸಿ. ಒಂದು ಪ್ರದೇಶ ನಲವತ್ತು ಅವತಾರಗಳಿಗಿಂತ ಹೆಚ್ಚು ತಾಳದಿದ್ದರೆ, ಸಭೆಗೆ ನಲವತ್ತು ಮಂದಿ ಸೇರಿದರೆಂಬ ಅಂಕಿ ಆಸಕ್ತಿಯನ್ನು ಹೇಳುತ್ತಿಲ್ಲ, ಸರ್ವರಿನ ಸಾಮರ್ಥ್ಯವನ್ನು ಹೇಳುತ್ತಿದೆ. ದೊಡ್ಡ ಸಮಾರಂಭಗಳ ವೇದಿಕೆಯನ್ನು ನಾಲ್ಕು ಪ್ರದೇಶಗಳು ಸೇರುವ ಮೂಲೆಯಲ್ಲಿ ಕಟ್ಟುವ ರೂಢಿ ಬೆಳೆದದ್ದೇ ಈ ಮಿತಿಯಿಂದ ಪಾರಾಗಲು.

ಬದಲಾವಣೆಯ ದಾಖಲೆ ತಪ್ಪು ತಿದ್ದಲು ಮಾತ್ರ ಬೇಕೆಂದುಕೊಳ್ಳಬಾರದು, ಅದೇ ಹೊಸ ಅರಿವಿನ ಮೂಲವೂ ಹೌದು. ಸೆಕೆಂಡ್ ಲೈಫ್‌ನಲ್ಲಿ ಹೊಸ ಸರ್ವರ್ ತಂತ್ರಾಂಶ ಎಲ್ಲೆಡೆಗೂ ಒಮ್ಮೆಗೇ ಹೋಗುವುದಿಲ್ಲ. ಬ್ಲೂಸ್ಟೀಲ್, ಲೆಟೀಗ್ರ್, ಮ್ಯಾಗ್ನಮ್ ಎಂಬ ಪರೀಕ್ಷಾ ವಾಹಿನಿಗಳ ಪ್ರದೇಶಗಳಿಗೆ ಮೊದಲು ಹೋಗಿ, ಅಲ್ಲಿ ಪಾಸಾದ ಮೇಲೆ ಮುಖ್ಯ ವಾಹಿನಿಗೆ ಬರುವುದು ವರ್ಷಗಳ ಕಾಲ ನಡೆದ ಕ್ರಮ. ಹಾಗಾಗಿ ಒಂದೇ ದಿನ, ಒಂದೇ ಸಮಾಜದ ಒಂದು ಭಾಗ ಹೊಸ ನಿಯಮದಲ್ಲೂ ಉಳಿದ ಭಾಗ ಹಳೆಯದರಲ್ಲೂ ಬದುಕುತ್ತದೆ. ಯಾವ ಪ್ರದೇಶ ಯಾವ ವಾಹಿನಿಯಲ್ಲಿದೆ ಎಂಬುದು ಚೀಟಿ ಎತ್ತಿ ನಿರ್ಧಾರವಾದದ್ದಲ್ಲ, ನಿಜ. ಆದರೂ ಸಮಾಜವಿಜ್ಞಾನಿಗೆ ಇಂಥ ಹೋಲಿಕೆಯ ಅವಕಾಶ ಹೊರಗಿನ ಲೋಕದಲ್ಲಿ ಸುಲಭಕ್ಕೆ ಸಿಗದು. 2020ರಲ್ಲಿ ಎರಡು ಸಂಗತಿಗಳು ಹೆಣೆದುಕೊಂಡವು: ಕೋವಿಡ್ ಲಾಕ್‌ಡೌನ್‌ನಲ್ಲಿ ಜನ ಮತ್ತೆ ಒಳಬಂದರು, ವರ್ಷಾಂತ್ಯದ ತಿಂಗಳುಗಳಲ್ಲಿ ಇಡೀ ಲೋಕ ಅಮೆಜಾನಿನ ಕ್ಲೌಡ್‌ಗೆ ಸ್ಥಳಾಂತರಗೊಂಡಿತು. ದಿನಾಂಕಸಹಿತ ದಾಖಲೆಯಿಲ್ಲದೆ ಒಂದರ ಪರಿಣಾಮವನ್ನು ಇನ್ನೊಂದರಿಂದ ಬಿಡಿಸಲಾಗದು.

ನನ್ನ ವಾದಕ್ಕೆ ಕೆಲವು ಆಕ್ಷೇಪಗಳಿವೆ. ಚಟುವಟಿಕೆಯನ್ನು ತಾನಾಗಿಯೇ ದಾಖಲಿಸುವ ಎಲ್ಲ ಲಾಗ್‌ಗಳೂ ಕಂಪನಿಯ ಕೈಯಲ್ಲೇ ಇರುವಾಗ ಹೊರಗಿನವರ ಅರೆಬರೆ ಎಣಿಕೆ ಏಕೆ ಎಂಬುದು ಮೊದಲನೆಯದು. ಲಾಗ್‌ಗಳ ಬಲವನ್ನು ನಾನು ಅಲ್ಲಗಳೆಯುವುದಿಲ್ಲ. ಸೋನಿ ಆನ್‌ಲೈನ್ ಎಂಟರ್‌ಟೇನ್‌ಮೆಂಟ್ ತನ್ನ ಎವರ್‌ಕ್ವೆಸ್ಟ್ 2 ಆಟದ ದತ್ತಾಂಶವನ್ನು ಸಂಶೋಧಕರಿಗೆ ಕೊಟ್ಟಾಗ, ಡಿಮಿಟ್ರಿ ವಿಲಿಯಮ್ಸ್ ಮತ್ತು ಸಂಗಡಿಗರು 2009ರಲ್ಲಿ ತೋರಿಸಿದ್ದು ಇದನ್ನೇ: ಆಟಗಾರರು ತಾವು ಆಡುವ ಹೊತ್ತನ್ನು ಕಡಿಮೆ ಹೇಳುತ್ತಾರೆ, ಮಹಿಳೆಯರು ಇನ್ನೂ ಕಡಿಮೆ ಹೇಳುತ್ತಾರೆ. ಪ್ರಶ್ನಾವಳಿ ಮಾತ್ರ ನಂಬಿದ್ದರೆ ಇದು ತಿಳಿಯುತ್ತಿರಲಿಲ್ಲ. ಆದರೆ ಕೊಡುವ ಕೈ ಯಾವಾಗ ಬೇಕಾದರೂ ಹಿಂದೆ ಸರಿಯಬಹುದು. ಲಿಂಡನ್ ಲ್ಯಾಬ್ ಕೂಡ ತ್ರೈಮಾಸಿಕ ಆರ್ಥಿಕ ಅಂಕಿಅಂಶಗಳನ್ನು ಕೆಲವು ವರ್ಷ ಪ್ರಕಟಿಸಿ, 2010ರ ದಶಕದ ಆರಂಭದಲ್ಲಿ ನಿಲ್ಲಿಸಿತು. ಆಮೇಲೆ ಪ್ರದೇಶಗಳ ಏರಿಳಿತ ತಿಳಿಯುತ್ತಾ ಬಂದದ್ದು ನಿವಾಸಿಗಳೇ ನಡೆಸಿದ ಸ್ವತಂತ್ರ ಸಮೀಕ್ಷೆಯಿಂದ. ಐಸ್‌ಲ್ಯಾಂಡಿನ ಸಿಸಿಪಿ ಕಂಪನಿ 2007ರಲ್ಲಿ ಅರ್ಥಶಾಸ್ತ್ರಜ್ಞರೊಬ್ಬರನ್ನೇ ನೇಮಿಸಿಕೊಂಡು, ಮುಂದೆ ಈವ್ ಆನ್‌ಲೈನ್ ಲೋಕದ ಮಾಸಿಕ ಆರ್ಥಿಕ ವರದಿ ಹೊರತರತೊಡಗಿತು. ಬಿಚ್ಚಿಡುವುದು ವ್ಯಾಪಾರಕ್ಕೆ ಮಾರಕವೆಂಬ ಮಾತಿಗೆ ಇದು ಸಾಕಷ್ಟು ಉತ್ತರ.

ಎರಡನೆಯ ಆಕ್ಷೇಪ ಹೆಚ್ಚು ಗಂಭೀರವಾದದ್ದು: ಚಟುವಟಿಕೆಯ ಜಾಡು ಹಿಡಿಯುವುದೆಂದರೆ ಜನರ ಮೇಲೆ ಕಣ್ಗಾವಲು ತಾನೇ? ಅದು ಹಾಗಾದದ್ದೂ ಉಂಟು. ಸೆಕೆಂಡ್ ಲೈಫ್‌ನಲ್ಲಿ ಜಾಗದ ಒಡೆಯರು ಹಾಡು, ವಿಡಿಯೊ ಹರಿಯಬಿಡಬಹುದು. ಆಗ ಬಂದವರ ಕಂಪ್ಯೂಟರ್ ನೇರವಾಗಿ ಹೊರಗಿನ ಸರ್ವರ್ ಅನ್ನು ಸಂಪರ್ಕಿಸಿ ತನ್ನ ಐಪಿ ವಿಳಾಸವನ್ನು ಬಿಟ್ಟುಕೊಡುತ್ತದೆ. ಇದನ್ನೇ ಬಳಸಿ ಒಬ್ಬರ ಬೇರೆ ಬೇರೆ ಅವತಾರಗಳನ್ನು ಬಯಲಿಗೆಳೆಯುವ ಸಾಧನವೊಂದು ಮಾರಾಟಕ್ಕೆ ಬಂದು, ನಿವಾಸಿಗಳ ಆಕ್ರೋಶದ ನಂತರ 2011ರಲ್ಲಿ ಅದಕ್ಕೆ ತಡೆ ಬಿತ್ತು. 2023ರಲ್ಲಿ, ಊರೂರು ಸುತ್ತಿ ಮಾಹಿತಿ ಕಲೆಹಾಕುವ ಬಾಟ್‌ಗಳ ಬಗ್ಗೆ ದೂರು ಹೆಚ್ಚಿದಾಗ, ಅವುಗಳಿಗೆ ಬಾಗಿಲು ಮುಚ್ಚುವ ಅಧಿಕಾರ ಪ್ರದೇಶದ ಒಡೆಯರಿಗೆ ಸಿಕ್ಕಿತು. ಆದ್ದರಿಂದ ಗೆರೆ ಎಳೆಯಬೇಕಾದ ಜಾಗ ಸ್ಪಷ್ಟ. ನಮ್ಮ ಪ್ರಶ್ನೆಗೆ ಬೇಕಾದದ್ದು ಪ್ರದೇಶಗಳ, ತಾಸುಗಳ, ಆವೃತ್ತಿಗಳ ಒಟ್ಟು ಲೆಕ್ಕ. ಇಂಥವರು ಇಲ್ಲಿದ್ದರು ಎಂಬುದು ಬೇಡ. ನಮ್ಮ ದೇಶದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಸಂಶೋಧನೆಗೂ ಅಂಕಿಅಂಶಕ್ಕೂ ವಿನಾಯಿತಿ ಕೊಡುವಾಗ, ಆ ದತ್ತಾಂಶವನ್ನು ನಿರ್ದಿಷ್ಟ ವ್ಯಕ್ತಿಯ ಕುರಿತ ತೀರ್ಮಾನಕ್ಕೆ ಬಳಸಕೂಡದೆಂದು ಷರತ್ತು ಹಾಕಿದೆ. ಅದನ್ನು ನಾವು ಕನಿಷ್ಠ ಮಿತಿಯೆಂದು ತಿಳಿದು ಇನ್ನೂ ಎಚ್ಚರದಿಂದ ನಡೆಯಬೇಕು.

ಅಂಕಿಗಳಿಂದ ಬದುಕಿನ ಅರ್ಥ ತಿಳಿಯದು ಎಂಬುದು ಮಾನವಶಾಸ್ತ್ರಜ್ಞರ ತಕರಾರು. ಟಾಮ್ ಬೋಲ್‌ಸ್ಟಾರ್ಫ್ ಸೆಕೆಂಡ್ ಲೈಫ್‌ನೊಳಗೇ ಕ್ಷೇತ್ರಕಾರ್ಯ ನಡೆಸಿ 2008ರಲ್ಲಿ ಪುಸ್ತಕ ಬರೆದವರು; ಒಂದು ಲೋಕವನ್ನು ಅದರ ಒಳಗಿನಿಂದಲೇ ಅರಿಯಬಹುದೆಂದು ಅವರು ತೋರಿಸಿಕೊಟ್ಟರು. ಇದನ್ನು ಒಪ್ಪುತ್ತಲೇ ಹೇಳುತ್ತೇನೆ, ಅರ್ಥ ಹುಡುಕುವವರಿಗೂ ಯಂತ್ರದ ಚರಿತ್ರೆ ಬೇಕು. 2005ರ ಸೆಪ್ಟೆಂಬರ್‌ನಲ್ಲಿ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಆಟದಲ್ಲಿ ಒಂದು ತಾಣಕ್ಕೆ ಸೀಮಿತವಾಗಬೇಕಿದ್ದ ಸೋಂಕು ನಗರಗಳಿಗೆ ಹಬ್ಬಿ ಪಾತ್ರಗಳನ್ನು ಕೊಂದಿತು. ಸೋಂಕುಶಾಸ್ತ್ರಜ್ಞರಾದ ಎರಿಕ್ ಲಾಫ್‌ಗ್ರೆನ್, ನೀನಾ ಫೆಫರ್‌ಮನ್ 2007ರಲ್ಲಿ ಲ್ಯಾನ್ಸೆಟ್ ಬಳಗದ ಪತ್ರಿಕೆಯಲ್ಲಿ ಇದನ್ನು ವಿಶ್ಲೇಷಿಸಿದರು. ಕೆಲವರು ಉಪಚರಿಸಲು ಓಡಿದರು, ಕೆಲವರು ಊರು ಬಿಟ್ಟರು, ಕೆಲವರು ಬೇಕೆಂದೇ ಹರಡಿದರು. ಇದು ಮನುಷ್ಯರ ನಡತೆ. ಸಾಕುಪ್ರಾಣಿಯನ್ನು ಸೋಂಕಿನೊಡನೆ ಅಡಗಿಸಿ ನಗರದಲ್ಲಿ ಮತ್ತೆ ಕರೆಯಬಹುದಿತ್ತು ಎಂಬುದು ತಂತ್ರಾಂಶದ ನಿಯಮ. ಯಾವುದೊಂದನ್ನು ಬಿಟ್ಟರೂ ಆ ಘಟನೆ ಅರ್ಥವಾಗದು. ಇವೆಲ್ಲ ಆಟದ ಮಾತು, ವಿದ್ವತ್ತಿಗೆ ಹಗುರ ಎನ್ನುವವರಿಗೂ ಇದರಲ್ಲೇ ಉತ್ತರವಿದೆ.

ಆದ್ದರಿಂದ ಈ ಸಂಕಿರಣದ ಮುಂದೆ ಮೂರು ಕೋರಿಕೆಗಳನ್ನಿಡುತ್ತೇನೆ. ಇಲ್ಲಿ ಮಂಡನೆಯಾಗುವ ಪ್ರತಿ ಅಂಕಿಯ ಜೊತೆ ಅದರ ವ್ಯಾಖ್ಯೆಯೂ ಅಂದಿನ ತಂತ್ರಾಂಶದ ಆವೃತ್ತಿಯೂ ಇರಲಿ. ಎಣಿಕೆಯ ವಿಧಾನ ಬದಲಾದ ದಿನವನ್ನು ರೇಖಾಚಿತ್ರದ ಮೇಲೆ ಗೆರೆ ಎಳೆದು ತೋರಿಸಿ. ಗೋಷ್ಠಿಗಳಲ್ಲಿ ಸಮಾಜವಿಜ್ಞಾನದ ಪ್ರಬಂಧಕ್ಕೆ ಕಂಪ್ಯೂಟರ್ ವಿಭಾಗದವರೂ, ಅವರ ಪ್ರಬಂಧಕ್ಕೆ ಸಮಾಜವಿಜ್ಞಾನಿಗಳೂ ಪ್ರತಿಕ್ರಿಯಿಸಲಿ. ಇಂದು ನಾವು ಬಳಸುವ ಪಾವತಿ, ಪಾಠ, ಸರ್ಕಾರಿ ಸೇವೆಗಳ ಆ್ಯಪ್‌ಗಳೂ ದಿನದಿನಕ್ಕೆ ಬದಲಾಗುತ್ತಾ, ತಮ್ಮ ಯಶಸ್ಸನ್ನು ತಾವೇ ಎಣಿಸಿ ಸಾರುತ್ತಿವೆ. ವರ್ಚುವಲ್ ಲೋಕದಲ್ಲಿ ಈ ಶಿಸ್ತು ಕಲಿತವರು ಆ ಅಂಕಿಗಳನ್ನೂ ಹಾಗೆಯೇ ಪ್ರಶ್ನಿಸಬಲ್ಲರು. ಆ ಪ್ರಶ್ನೆ ಕೇಳುವವರನ್ನು ಬೆಳೆಸುವುದೇ ಈ ಸಂಕಿರಣದ ಕೆಲಸವಾಗಲಿ.